ಬ್ರಹ್ಮ ಅಂಟಿಸಿದ ಮೊಲೆತೊಟ್ಟು

ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಆಯುಷ್ಯವೆಲ್ಲ ಪ್ರಾಣಿಗಳ ಮಾದರಿ ಮಾಡುತ್ತ ಬಂದವನನ್ನು ಎಲ್ಲರೂ ಬ್ರಹ್ಮ ಎನ್ನುತ್ತಿದ್ದರು. ತಮಾಷೆಗೆ ಕರೆದದ್ದು, ಅವನು ಬಿರುದೆಂದೇ ತಿಳಿದುಕೊಂಡ. ಅವನ ಸೃಷ್ಟಿಯನ್ನು ಊರೆಲ್ಲ ಹೊಗಳಿತ್ತು, ಚಿಕ್ಕಮ್ಮನೊಬ್ಬಳನ್ನು ಬಿಟ್ಟು. ಅಕ್ಕ ಹೆರಿಗೆಯಲ್ಲಿ ತೀರಿಕೊಂಡಾಗ ಹಸುಗೂಸಾಗಿದ್ದ ಅವನನ್ನು ಮಡಿಲಿಗೆ ಹಾಕಿಕೊಂಡು, ಮದುವೆಯ ಗೋಜಿಗೇ ಹೋಗದೆ, ಕಾಲಲ್ಲಿ ಹೊಲಿಗೆ ಯಂತ್ರ ತುಳಿಯುತ್ತ ಕೈಯಲ್ಲಿ ಹಾಲಿನ ಬಾಟಲಿ ಹಿಡಿದು ಸಾಕಿದವಳು ಅವಳು. ಮುದ್ದು ಮಾತು ಅವಳ ಬಾಯಿಗೆ ಒಗ್ಗದು. ನಿವೃತ್ತಿಗೆ ಮುಂಚಿನ ಕೊನೆಯ ಮಾದರಿಯನ್ನಾದರೂ ಅವಳಿಗೆ ತೋರಿಸಿ, ಇಷ್ಟು ವರ್ಷ ಹೇಳದೇ ಉಳಿದಿದ್ದ ಕೃತಜ್ಞತೆಯ ಮಾತೊಂದನ್ನು ಹೇಳಬೇಕೆಂದು ಅವನ ಆಸೆ.

ಆ ಕೊನೆಯದು ತಾಯಿ ಪ್ಲಾಟಿಪಸ್, ಆಸ್ಟ್ರೇಲಿಯಾದ ಹೊಳೆಗಳಲ್ಲಿರುವ ಪ್ರಾಣಿ. ಬಾತುಕೋಳಿಯ ಮೂತಿ, ಚಪ್ಪಟೆ ಬಾಲ, ಮೈತುಂಬ ತುಪ್ಪಳ. ಮೊಟ್ಟೆಯನ್ನೂ ಇಡುತ್ತದೆ, ಮರಿಗೆ ಹಾಲನ್ನೂ ಕೊಡುತ್ತದೆ. ನೋಡಿ ಮಾಡಲು ಕೊಟ್ಟ ಯಾವ ಚಿತ್ರದಲ್ಲೂ ಮೊಲೆತೊಟ್ಟು ಕಾಣಲಿಲ್ಲ. ಚಿತ್ರ ಬರೆದವರು ಮರೆತಿರಬೇಕು, ಪಾಪ ಮರಿಗಳು ಉಪವಾಸ ಬೀಳಬೇಕೆ ಎಂದು ಬ್ರಹ್ಮ ದಯೆತೋರಿ ಎರಡು ಗುಲಾಬಿ ರಬ್ಬರ್ ತೊಟ್ಟು ಅಂಟಿಸಿಬಿಟ್ಟ.

ಪ್ರದರ್ಶನದ ಬೆಳಿಗ್ಗೆ ಜೀವಶಾಸ್ತ್ರದ ಮೇಡಂ ಬಗ್ಗಿ ನೋಡಿ ನಕ್ಕುಬಿಟ್ಟರು.

"ಏನ್ರೀ ಬ್ರಹ್ಮ, ದೇವರು ಕೊಡದೇ ಇದ್ದದ್ದನ್ನ ನೀವು ಕೊಟ್ಟಿದ್ದೀರಲ್ಲ! ಇದಕ್ಕೆ ತೊಟ್ಟೇ ಇಲ್ಲ. ಹಾಲು ಹೊಟ್ಟೆ ಚರ್ಮದಿಂದ ಬೆವರಿನ ಹಾಗೆ ಜಿನುಗತ್ತೆ, ಮರಿಗಳು ನೆಕ್ಕಿಕೊಳ್ತವೆ."

"ತೊಟ್ಟಿಲ್ದೆ ತಾಯಿ ಹೇಗಾಗ್ತಾಳೆ ಮೇಡಂ?"

"ಅದರ ಜೀನ್‌ಗಳೇ ಹಾಗೆ. ಹಾಲು ಮಾಡೋವೂ ಇವೆ, ಮೊಟ್ಟೆಯ ಹಳದಿ ಮಾಡೋದೂ ಒಂದು ಉಳಿದಿದೆ. ಗಂಡೋ ಹೆಣ್ಣೋ ತೀರ್ಮಾನ ಆಗೋಕೆ ನಮಗೆ ಎರಡು ಕ್ರೋಮೋಸೋಮ್ ಸಾಕು, ಇದಕ್ಕೆ ಹತ್ತು."

"ನಮ್ಮ ಮ್ಯೂಸಿಯಂ ಸಮಿತಿ ಇದ್ದ ಹಾಗೆ ಅನ್ನಿ, ಎಲ್ಲದಕ್ಕೂ ಹತ್ತು ಜನ."

"ಅಲ್ಲ, ಇಲ್ಲಿ ತೀರ್ಮಾನ ಆಗತ್ತೆ! ಬೇಗ ಕಿತ್ತು ಸರಿ ಮಾಡಿ. ಇಲ್ಲಾಂದ್ರೆ ಇವತ್ತು ಇದನ್ನ ಇಡೋಕಾಗಲ್ಲ."

ಪ್ರದರ್ಶನ ನೋಡಲು ಚಿಕ್ಕಮ್ಮ ಆಗಲೇ ಮನೆಯಿಂದ ಹೊರಟಿದ್ದಳು. ಬ್ರಹ್ಮ ಅವಸರದಲ್ಲಿ ತೊಟ್ಟು ಕಿತ್ತ. ಒಳಗಿನ ಅಂಟು ಹರಡಿ ಹೊಟ್ಟೆಯ ತುಪ್ಪಳವೆಲ್ಲ ಒದ್ದೆಯಾದಂತೆ ಜಡೆಗಟ್ಟಿತು. ಕೆಟ್ಟೆ ಎಂದು ಒರೆಸಲು ಬಟ್ಟೆ ಎತ್ತಿದ.

"ಮುಟ್ಟಬೇಡಿ!" ಮೇಡಂ ಕೈ ಹಿಡಿದರು. "ಹಾಲು ಜಿನುಗಿದ ಹೊಟ್ಟೆ ಇರೋದೇ ಹೀಗೆ!"

ಚಿಕ್ಕಮ್ಮ ಕೋಲೂರಿಕೊಂಡು ಬಂದು ಗಾಜಿಗೆ ಮೂಗು ತಾಗಿಸಿ ನೋಡಿದಳು.

"ಹೊಟ್ಟೆ ಯಾಕೋ ಒದ್ದೆ?"

ಅವನು ವಿವರಿಸಿದ.

"ಅಂದ್ರೆ ಸಾಮಾನೇ ಇಲ್ದೆ ಸಂಸಾರ ಮಾಡ್ತಾಳೆ ಅನ್ನು."

"ನಿನ್ನ ಹಾಗೇ ಚಿಕ್ಕಮ್ಮ," ಎಂದವನು ಕೊನೆಗೂ ಆ ಮಾತು ಆಡಿಯೇಬಿಟ್ಟ. "ನೀನಿಲ್ದಿದ್ರೆ ನಾನು ಉಳೀತಾನೇ ಇರ್ಲಿಲ್ಲ."

"ಥೂ ನಿನ್ನ! ನನ್ನ ಹೋಲಿಸೋಕೆ ಈ ಬಾತುಕೋಳಿ ಮೂತಿಯವಳೇ ಸಿಕ್ಕಳೇನೋ?" ಎಂದು ಗದರಿದಳು. ಆದರೆ ಗಾಜಿನ ಮುಂದಿನಿಂದ ಕದಲಲಿಲ್ಲ. ಈವರೆಗೆ ಅವನನ್ನು ಎಲ್ಲರಿಗೂ ‘ನಮ್ಮಕ್ಕನ ಮಗ’ ಎಂದೇ ಪರಿಚಯಿಸಿದವಳು, ಪಕ್ಕದಲ್ಲಿ ನಿಂತ ಅಪರಿಚಿತೆಯ ಕಡೆ ತಿರುಗಿದಳು.

"ನನ್ನ ಮಗ ಮಾಡಿದ್ದು," ಎಂದಳು. "ಬಾಲ ಸ್ವಲ್ಪ ವಾರೆ. ಅದು ಬಿಡಿ."