ಟವೆಲಿನ ಅಡಿಯಲ್ಲಿ ಮಾಡಿದ ಕರಾರು

ಕುರಿ ಕೊಳ್ಳುವಾಗ ಬಾಯಿಂದ ದರ ಹೇಳಬಾರದು. ಕುಷ್ಟಗಿ, ಯಲಬುರ್ಗಾ, ಕುಕನೂರು, ಯಾವ ಸಂತೆಗೆ ಹೋದರೂ ನಾನು ಇಷ್ಟು ವರ್ಷ ಅನ್ನ ತಿಂದದ್ದು ಬೆರಳಿನಿಂದ. ಮಾರುವವನ ಕೈ, ನನ್ನ ಕೈ ಎರಡನ್ನೂ ಒಂದು ಟವೆಲಿನಿಂದ ಮುಚ್ಚಿ, ಅದರ ಅಡಿಯಲ್ಲಿ ಅವನ ಎಷ್ಟು ಬೆರಳು ಹಿಡಿದು ಒತ್ತಿದೆನೋ ಅದೇ ನನ್ನ ದರ. ಒಪ್ಪದಿದ್ದರೆ ಅವನು ನನ್ನ ಬೆರಳು ಒತ್ತಿ ತನ್ನದನ್ನು ಹೇಳುತ್ತಾನೆ. ಸುತ್ತ ನಿಂತವರಿಗೆ ಸುಳಿವು ಹತ್ತುವುದಿಲ್ಲ. ಕುದುರಿತು ಅಂದರೆ ಟವೆಲ್ ತೆಗೆದು ಅಂಗೈಗೆ ಅಂಗೈ ತಟ್ಟುತ್ತೇವೆ. ತಟ್ಟಿದ ಮೇಲೆ ಮಾತು ತಿರುಗುವುದಿಲ್ಲ. ದಾರಿಯಲ್ಲಿ ಕುರಿ ಸತ್ತರೂ ಅದು ಕೊಂಡವನ ಪಾಲು. ಈ ಧಂದೆಗೆ ಹೊಸದಾಗಿ ಬರುವವರಿಗೆ ನಾನು ಹೇಳುವುದು ಒಂದೇ: ಕೈ ಒಣಗಿರಲಿ. ಬೆವರಿದರೆ ನಿಮಗೆ ಎಷ್ಟು ಗರಜಿದೆ, ಎಷ್ಟು ಅಗತ್ಯವಿದೆ ಎಂದು ಎದುರಿನವನಿಗೆ ತಿಳಿದುಬಿಡುತ್ತದೆ.

ಕ್ರಿಸ್ಮಸ್ಸಿಗೆ ಮುಂಚೆ ನನ್ನ ಹೆಂಡತಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಆಗ ನನ್ನ ಕೈ ಬೆವರಿತು.

ಮನೆಯಲ್ಲಿ ಬೈಬಲ್ ಓದುತ್ತಿದ್ದವಳು ಅವಳೇ. ನಮ್ಮ ಚರ್ಚಿನ ಸಭೆಯಲ್ಲಿ ಪ್ರತಿ ವರ್ಷ ಕೊಡುವ ದಿನಪಾಠದ ಪಟ್ಟಿಯನ್ನು ಅಡುಗೆಮನೆ ಬಾಗಿಲಿಗೆ ಅಂಟಿಸಿಕೊಂಡು, ರೊಟ್ಟಿ ಬಡಿಯುವ ಮೊದಲು ಆ ದಿನದ ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತಿದ್ದಳು. ನಾನು ಚಪ್ಪಲಿ ಮೆಟ್ಟುತ್ತ ಕಿವಿಗೆ ಬಿದ್ದಷ್ಟು ಕೇಳುತ್ತಿದ್ದೆ. ಒಮ್ಮೆ ಮಾತ್ರ ನಿಂತು ಕೇಳಿದ್ದೆ. ಒಂದು ಪಟ್ಟಣವನ್ನು ಉಳಿಸಲು ಅಲ್ಲಿ ಎಷ್ಟು ನೀತಿವಂತರಿದ್ದರೆ ಸಾಕು ಎಂದು ಅಬ್ರಹಾಮ ದೇವರೊಂದಿಗೆ ಐವತ್ತರಿಂದ ಶುರುಮಾಡಿ ಹತ್ತಕ್ಕೆ ಇಳಿಸಿದ ಕಥೆ ಅದು. ಹತ್ತಕ್ಕೇ ಯಾಕೆ ನಿಲ್ಲಿಸಿದ, ಇನ್ನೂ ಜಗ್ಗಬಹುದಿತ್ತಲ್ಲ ಅಂದೆ. ಅವಳು ಹಿಟ್ಟಿನ ಕೈಯಲ್ಲೇ ಹಣೆ ಬಡಿದುಕೊಂಡಳು.

"ನಿಮ್ಮನ್ನ ಸ್ವರ್ಗದ ಬಾಗಲಾಗ ನಿಲ್ಲಿಸಿದ್ರ ಅಲ್ಲೂ ದಲಾಲಿ ಮಾಡಾವ್ರು ನೀವು."

ಸ್ವರ್ಗದ ತನಕ ಹೋಗುವ ಅಗತ್ಯ ಬೀಳಲಿಲ್ಲ. ಹೊಸ ವರ್ಷದ ಮೊದಲ ಬೆಳಿಗ್ಗೆ, ಅವಳು ಇನ್ನೂ ನಿದ್ದೆಯಲ್ಲಿದ್ದಾಗ, ಮಂಚದ ಪಕ್ಕ ಕೂತು ದೇವರ ಕಡೆಗೆ ಬಲಗೈ ಚಾಚಿದೆ. ಮೇಲೆ ಟವೆಲ್ ಹರವಿದೆ. ದಿನಕ್ಕೊಂದು ಪಾಠ, ಒಂದು ದಿನವೂ ತಪ್ಪದಂತೆ, ವರ್ಷಪೂರ್ತಿ ನಾನು ಓದುತ್ತೇನೆ. ನೀನು ಇವಳ ಮಾತು ವಾಪಸು ಕೊಡು ಎಂದೆ. ಕೈಕಾಲು ಕೇಳಲಿಲ್ಲ. ಕಡಿಮೆ ಕೇಳಿದರೆ ಬೇಗ ಕುದುರುತ್ತದೆ ಎಂಬುದು ನನ್ನ ಅನುಭವ. ಟವೆಲಿನ ಅಡಿಯಲ್ಲಿ ಯಾರೂ ಬೆರಳು ಒತ್ತಲಿಲ್ಲ. ಸ್ವಲ್ಪ ಹೊತ್ತು ಕಾದು, ನಾನೇ ಟವೆಲ್ ತೆಗೆದು, ನನ್ನ ಎಡಗೈಯಿಂದ ನನ್ನ ಬಲಗೈಯನ್ನು ತಟ್ಟಿಕೊಂಡೆ. ಎದುರಿನವನು ಸುಮ್ಮನಿದ್ದರೆ ಒಪ್ಪಿದನೆಂದು ಹಿಡಿಯಬೇಡಿ ಎಂದು ಎಷ್ಟೋ ಜನರಿಗೆ ಬುದ್ಧಿ ಹೇಳಿದವನು ನಾನು.

ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನಿಗೆ ಓದು ಸಲೀಸಲ್ಲ. ಬೆಳಗಾದರೆ ಅವಳ ಮೈ ಒರೆಸಬೇಕು, ಬಟ್ಟೆ ಬದಲಿಸಬೇಕು, ಮಗ್ಗಲು ತಿರುಗಿಸಬೇಕು, ಗಂಜಿಯನ್ನು ಚಮಚದಿಂದ ಬಾಯಿಯ ಎಡಗಡೆಗೆ ಹಾಕಬೇಕು. ಬಲಗಡೆ ಹಾಕಿದರೆ ಸೋರುತ್ತದೆ. ಇಂಥ ರೋಗಿ ಮನೆಯಲ್ಲಿದ್ದವರು ಇದನ್ನು ನೆನಪಿಡಿ. ಅಷ್ಟಾದ ಮೇಲೆ ಅಕ್ಷರಗಳ ಕೆಳಗೆ ಬೆರಳಿಟ್ಟು ಓದುತ್ತಿದ್ದೆ. ಇಂಥವನು ಇಂಥವನನ್ನು ಪಡೆದನು ಎಂಬ ವಂಶಾವಳಿ ಬಂದಾಗ ನನ್ನ ಬೆನ್ನು ನೋಯುತ್ತಿತ್ತು. ಆದರೂ ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಅವಳು ತಂಬಿಗೆ ನೋಡಿ "ನೀರ" ಅಂದಳು. ಸೌದಾ ಕುದುರಿದೆ ಎಂದುಕೊಂಡೆ.

ಹದಿನೈದನೆಯ ದಿನ ಅವಳ ಕೈಕಾಲಿನ ವ್ಯಾಯಾಮಕ್ಕೆ ಗಂಗಾವತಿಗೆ ಹೋಗಬೇಕಾಯಿತು. ಕೊಪ್ಪಳದಲ್ಲಿ ಬಸ್ ಬದಲಿಸಬೇಕು. ಹೋಗುತ್ತ ಬರುತ್ತ, ಹತ್ತಿಸುವಾಗ, ಇಳಿಸುವಾಗ ಎಂಟು ಸಲ ಅವಳನ್ನು ಎತ್ತಿದೆ. ಸಂಜೆ ಕುಕನೂರಿನ ಮನೆಗೆ ಬಂದು, ಅವಳನ್ನು ಮಲಗಿಸಿ, ಪುಸ್ತಕ ತೆಗೆದು ಅರ್ಧ ಓದಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಪುಸ್ತಕ ತೊಡೆಯ ಮೇಲೇ ಇತ್ತು.

ಆ ದಿನ ಉಳಿದ ಅರ್ಧವನ್ನೂ ಅಂದಿನ ಪಾಠವನ್ನೂ ಸೇರಿಸಿ ಒಂದೇ ಉಸಿರಿಗೆ ಓದಿದೆ. ಎರಡು ದಿನದ ಮೇವನ್ನು ಒಂದೇ ದಿನ ಹಾಕಿದರೆ ಕುರಿಯ ಹೊಟ್ಟೆ ಉಬ್ಬುತ್ತದೆ, ಮೈಗೆ ಹತ್ತುವುದಿಲ್ಲ. ಗೊತ್ತಿದ್ದೂ ಹಾಗೆ ಮಾಡಿದೆ. ಅದೇ ವಾರ ಅವಳ "ನೀರ" ನಿಂತುಹೋಯಿತು. ತಂಬಿಗೆ ನೋಡುತ್ತಿದ್ದಳು, ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಹೀಗೆ ಬಂದು ಹೋಗಿ ಆಗುವುದುಂಟು ಅಂದರು ಡಾಕ್ಟರು. ನನಗೆ ಮಾತ್ರ ಗೊತ್ತಿತ್ತು, ಕರಾರು ಮುರಿದವನು ನಾನು. ಎರಡು ಸಂತೆ ತಪ್ಪಿಸಿದೆ. ಯಾರ ಮುಖ ನೋಡಲೂ ಮನಸ್ಸಾಗಲಿಲ್ಲ.

ಪ್ರಾರ್ಥನೆಗೆಂದು ಮನೆಗೆ ಬಂದ ಪಾಸ್ಟರ್ ನನಗಿಂತ ಎಷ್ಟೋ ಚಿಕ್ಕವರು. ಅವರಿಗೆ ಎಲ್ಲವನ್ನೂ ಹೇಳಿದೆ. ಟವೆಲ್ ಹಾಸಿದ್ದನ್ನು ಕೇಳಿ ಅವರು ನಗಬಹುದೆಂದುಕೊಂಡಿದ್ದೆ. ನಗಲಿಲ್ಲ.

"ಕಾಕಾ, ಓದಕೋತ ನಿದ್ದಿ ಹತ್ತಿದ್ದು ಎಲ್ಲಿಗೆ?"

ಅಬ್ರಹಾಮ ಹದ್ದು ಓಡಿಸುವ ಕಡೆ ಅಂದೆ.

"ಮುಂದಿಂದು ಇನ್ನೊಮ್ಮಿ ಸಾವಕಾಶ ಓದ್ರಿ. ನಾ ಏನೂ ಹೇಳಂಗಿಲ್ಲ. ಕುರಿ ಸಂಗತಿ ನನಗಿಂತ ನಿಮಗ ಛಲೋ ಗೊತ್ತೈತಿ."

ಅವರು ಹೋದ ಮೇಲೆ ಆ ಅಧ್ಯಾಯವನ್ನು ಮೊದಲಿನಿಂದ ಓದಿದೆ. ದೇವರು ಅಬ್ರಹಾಮನಿಗೆ ಒಂದು ಕಡಸು, ಒಂದು ಆಡು, ಒಂದು ಟಗರು ತರಲು ಹೇಳುತ್ತಾನೆ. ಎಲ್ಲವೂ ಮೂರು ವರ್ಷದ್ದೇ ಆಗಬೇಕು. ಮೂರು ವರ್ಷದ ಟಗರೆಂದರೆ ಆರು ಹಲ್ಲು, ಒಳ್ಳೆಯ ಮಾಲು. ಅಬ್ರಹಾಮ ಅವನ್ನು ಸೀಳಿ ಎದುರುಬದುರು ಇಡುತ್ತಾನೆ. ಆ ಕಾಲದಲ್ಲಿ ಕರಾರು ಮಾಡಿದ ಇಬ್ಬರೂ ಆ ತುಂಡುಗಳ ನಡುವೆ ನಡೆಯುತ್ತಿದ್ದರೆಂದು ಸಭೆಯಲ್ಲಿ ಕೇಳಿದ್ದೆ. ಮಾತು ತಪ್ಪಿದರೆ ನನಗೂ ಈ ಗತಿ ಬರಲಿ ಎಂದು ಅದರ ಅರ್ಥ. ಅಬ್ರಹಾಮ ದಿನವೆಲ್ಲ ಹದ್ದು ಓಡಿಸುತ್ತ ಕಾಯುತ್ತಾನೆ. ಹೊತ್ತು ಮುಳುಗುವಾಗ ಅವನಿಗೆ ಗಾಢ ನಿದ್ದೆ ಬಂದುಬಿಡುತ್ತದೆ. ಆಮೇಲೆ ಹೊಗೆಯಾಡುವ ಒಲೆ, ಉರಿಯುವ ಪಂಜು, ಅವೆರಡೇ ತುಂಡುಗಳ ನಡುವೆ ದಾಟಿ ಹೋಗುತ್ತವೆ. ಆ ಬೆಂಕಿ ದೇವರ ಗುರುತು, ಅಂದರೆ ನಡೆದವನು ದೇವರೊಬ್ಬನೇ. ಅಬ್ರಹಾಮನನ್ನು ಅವನು ನಡೆಸಲೇ ಇಲ್ಲ.

ಇಂಥ ಸೌದಾ ನಾನು ಯಾವ ಸಂತೆಯಲ್ಲೂ ಕಂಡಿಲ್ಲ. ನಿದ್ದೆ ಹೋದವನ ಕೈ ಹಿಡಿದು ವ್ಯಾಪಾರ ಮುಗಿಸುವವನನ್ನು ನಮ್ಮಲ್ಲಿ ಕಳ್ಳ ಅನ್ನುತ್ತೇವೆ. ಇಲ್ಲಿ ಎಚ್ಚರವಿದ್ದವನೇ ನಷ್ಟವನ್ನೆಲ್ಲ ತನ್ನ ಮೇಲೆ ಹಾಕಿಕೊಂಡಿದ್ದ. ಅಬ್ರಹಾಮ ಮಲಗಿದ ಮೇಲೆ ಹದ್ದುಗಳನ್ನು ಯಾರು ಓಡಿಸಿದರು ಎಂದು ಹುಡುಕಿದೆ. ಬರೆದಿಲ್ಲ.

ಮರುದಿನ ಗಂಜಿ ತಂದಿಟ್ಟು ಅವಳಿಗೆ ಹೇಳಿಬಿಟ್ಟೆ. "ನಿನ್ನ ಹೆಸರಿಲೆ ದೇವರ ಕೂಡ ಒಂದು ಸೌದಾ ಮಾಡಿದ್ನಿ. ನನ್ನ ಕೈಲೇ ಮುರೀತು. ನಿನ್ನ ಮಾತು ನನ್ನಿಂದ ಹೋತು."

ಅವಳು ಎಡಗೈ ಎತ್ತಿ ನನ್ನ ಹೆಗಲ ಮೇಲಿನ ಟವೆಲ್ ಮುಟ್ಟಿದಳು. ನನ್ನ ಜೊತೆ ಕುರಿ ಮಾರಿದವಳು, ಬೆರಳಿನ ಭಾಷೆ ಅವಳಿಗೂ ಬರುತ್ತದೆ. ಏನೋ ಹೇಳುತ್ತಾಳೆಂದು ಇಬ್ಬರ ಕೈಗಳ ಮೇಲೂ ಟವೆಲ್ ಹೊದಿಸಿ ಕಾದೆ. ನನ್ನ ಕೈ ಬೆವರಿತ್ತು. ಅವಳು ಯಾವ ಬೆರಳನ್ನೂ ಒತ್ತಲಿಲ್ಲ. ಟವೆಲನ್ನು ಎಳೆದು ತನ್ನ ಎದೆಯ ಮೇಲೆ ಇಟ್ಟುಕೊಂಡಳು, ತಿರುಗಿ ಕೊಡಲಿಲ್ಲ. ಬಾಯಿಯ ಎಡಗಡೆ ಸ್ವಲ್ಪ ನಕ್ಕ ಹಾಗಾಯಿತು.

ಇಷ್ಟು ದಿನದ ದಣಿವು ಒಟ್ಟಿಗೆ ಬಂತು. ಒಂದು ಗಳಿಗೆ ಎಂದು ಮಂಚದ ಅಂಚಿಗೆ ತಲೆಯಿಟ್ಟೆ. ಅವತ್ತಿನ ಪಾಠ ಓದಿರಲಿಲ್ಲ. ಎದ್ದಾಗ ಬಿಸಿಲು ಅಂಗಳ ದಾಟಿತ್ತು, ಗಂಜಿ ಆರಿ ಕೆನೆಗಟ್ಟಿತ್ತು. ಅವಳು ಮಲಗಿರಲಿಲ್ಲ. ಎಡಗೈಯಲ್ಲಿ ಟವೆಲಿನ ತುದಿ ಹಿಡಿದು ನನ್ನ ಮುಖದ ಮೇಲಿನ ನೊಣಗಳನ್ನು ಓಡಿಸುತ್ತಿದ್ದಳು.