ಗುರುತನ್ನು ಕೊನೆಗೆ ನೋಡುತ್ತಿದ್ದವರು

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಿಗಿಂತ ಉದ್ದವಾಗಿತ್ತು. ಹಿತ್ತಾಳೆ ಕೆರೆದು ಕೆರೆದು ಅದರ ಅಂಚಿಗೆ ಹಸಿರು ಮಿಶ್ರಿತ ಕಪ್ಪು ಬಂದುಬಿಟ್ಟಿತ್ತು. ಧಾರವಾಡದಿಂದ ಸೊಸೆಯಾಗಿ ಬಂದ ಹೊಸದರಲ್ಲಿ, ಬಡಿಸುವಾಗ ಅದನ್ನು ಕಂಡರೆ ನನಗೆ ಒಂಥರಾ ಆಗುತ್ತಿತ್ತು. ಕತ್ತರಿಸಿಕೊಳ್ಳಬಾರದೇ ಎಂದು ಅತ್ತೆ ಗೊಣಗಿದರೆ, ನನಗಿರುವ ಒಳ್ಳೆಯ ಕಣ್ಣು ಅದೊಂದೇ ಎನ್ನುತ್ತಿದ್ದರು.

ಕಾರ್ಖಾನೆಯಲ್ಲಿ ಲೋಹದ ಮೇಲೆ ಅಕ್ಷರ ಒತ್ತುವ ಪಂಚುಗಳನ್ನು ಮಾಡುತ್ತಲೇ ನಿವೃತ್ತರಾದವರು ಅವರು. ಆಮೇಲೆ ಅಂಟಿಕೊಂಡದ್ದು ಹಳೆಯ ಫ್ಲೇರ್ ಪಿಸ್ತೂಲುಗಳ ಹುಚ್ಚು. ಯುದ್ಧದಲ್ಲಿ ಬಣ್ಣದ ಬೆಳಕನ್ನು ಆಕಾಶಕ್ಕೆ ಹಾರಿಸಿ ಸನ್ನೆ ಮಾಡುತ್ತಿದ್ದ ಪಿಸ್ತೂಲುಗಳವು. ಈಗ ಒಳಗೆ ಬೆಸುಗೆ ಹಾಕಿ ಕೆಲಸಕ್ಕೆ ಬಾರದಂತೆ ಮಾಡಿರುತ್ತಾರೆ. ಯುದ್ಧಕಾಲದ ಇಸವಿ, ಪಡೆಯ ಗುರುತು ಇದ್ದರೆ ಸಂಗ್ರಹಕಾರರು ಮುಗಿಬೀಳುವುದರಿಂದ, ಬೋಳು ಪಿಸ್ತೂಲಿಗೆ ಹೊಸದಾಗಿ ಗುರುತು ಒತ್ತಿ ಮಾರುವವರೂ ಇದ್ದಾರೆ. ಆರ್.ಟಿ. ನಗರದ ನಮ್ಮ ಮನೆಗೆ ಯಾರಾದರೂ ಪಿಸ್ತೂಲು ತಂದರೆ, ಗುರುತಿನ ಮೇಲೆ ಕಪ್ಪು ಟೇಪು ಅಂಟಿಸುವ ಕೆಲಸ ನನ್ನದು. ಆಮೇಲಷ್ಟೇ ಮಾವನವರು ಕೈಗೆತ್ತಿಕೊಂಡು ಸ್ಕ್ರೂ, ಹಿಡಿಯ ಮರ, ಸವೆದ ಜಾಗ ಎಲ್ಲವನ್ನೂ ನಿಧಾನವಾಗಿ ನೋಡುತ್ತಿದ್ದರು.

"ಗುರುತು ಕೊನೇಲಿ ನೋಡ್ಬೇಕು ಕಣಮ್ಮ. ಮೊದ್ಲೇ ನೋಡಿದ್ರೆ ಅದು ಹೇಳಿದ್ದನ್ನೇ ನಂಬ್ಕೊಂಡ್ಬಿಡ್ತೀವಿ."

ಟೇಪು ಕಿತ್ತ ಮೇಲೆ ಉಗುರಿನ ಸರದಿ. ಆ ಕಾಲದಲ್ಲೇ ಒತ್ತಿದ ಅಕ್ಷರದ ಅಂಚು ಪಿಸ್ತೂಲಿನ ಜೊತೆಗೇ ಸವೆದು ನುಣುಪಾಗಿರುತ್ತದೆ. ಈಚೆಗೆ ಒತ್ತಿದ್ದಾದರೆ ಸುತ್ತಲಿನ ಲೋಹ ಉಬ್ಬಿ ಉಗುರಿಗೆ ತಡೆಯುತ್ತದೆ. ಒಮ್ಮೆ ನನ್ನ ಬೆರಳು ಹಿಡಿದು ಆ ಉಬ್ಬನ್ನು ಮುಟ್ಟಿಸಿದ್ದರು. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡ ನನಗೆ ಹಾಗೆ ಬೆರಳು ಹಿಡಿದು ಏನನ್ನಾದರೂ ಕಲಿಸಿದವರು ಅವರೊಬ್ಬರೇ.

ಭಾನುವಾರಗಳಲ್ಲಿ ಯಲಹಂಕದ ಕಡೆಯಿಂದ ಅವರ ಗೆಳೆಯರೊಬ್ಬರು ಬರುತ್ತಿದ್ದರು. ಹಳೆಯ ಒಕ್ಕಲು ಮನೆತನ, ಹೊಲವಿದ್ದಲ್ಲಿ ಈಗ ಅಪಾರ್ಟ್‌ಮೆಂಟು. ಅವರು ಹುಟ್ಟುವ ಮೊದಲೇ ಬರ್ಮಾ ಯುದ್ಧಕ್ಕೆ ಹೋದ ತಂದೆ ಹಿಂದಿರುಗಲಿಲ್ಲ, ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ತಂದೆಯಿದ್ದ ಪಡೆಯ ಯಾವುದಾದರೂ ವಸ್ತು ಸಿಕ್ಕೀತೇ ಎಂದು ವರ್ಷಗಟ್ಟಲೆ ಹುಡುಕಿದ್ದರು. ಒಂದು ಭಾನುವಾರ ಆ ಪಡೆಯ ಗುರುತಿದ್ದ ಪಿಸ್ತೂಲೊಂದನ್ನು ಟವೆಲಿನಲ್ಲಿ ಸುತ್ತಿ ತಂದೇಬಿಟ್ಟರು. ಎಂಬತ್ತು ದಾಟಿದ ಮನುಷ್ಯ, ಮುಖದಲ್ಲಿ ಮಗುವಿನ ಸಂಭ್ರಮ.

ನಾನು ಟೇಪು ಅಂಟಿಸಿದೆ. ಮಾವನವರು ಎಂದಿಗಿಂತ ಹೆಚ್ಚು ಹೊತ್ತು ನೋಡಿದರು. ಟೇಪು ಕಿತ್ತು ಉಗುರಾಡಿಸಿದರು. ಉಗುರು ತಡೆಯಿತು. ಮತ್ತೆ ಆಡಿಸಿದರು, ಮತ್ತೆ ತಡೆಯಿತು.

"ಪಿಸ್ತೂಲು ಹಳೇದೇ ಕಣೋ. ಗುರುತು ಮಾತ್ರ ಈಗ ಒತ್ತಿರೋದು."

"ನಮ್ಮಪ್ಪಂದು ಅಂತ ಇದೊಂದಾದ್ರೂ ಇರ್ಲಿ ಅಂತಿದ್ದೆ. ಇಂಗಂದ್ಬುಟ್ಟಲ್ಲೋ," ಎಂದು ಗೆಳೆಯರು ಪಿಸ್ತೂಲನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು ಎದ್ದರು.

ಆಮೇಲೆ ಅವರು ಬರಲಿಲ್ಲ, ಫೋನೂ ಎತ್ತಲಿಲ್ಲ. ಮಾವನವರು ಬಸ್ಸು ಹಿಡಿದು ಯಲಹಂಕಕ್ಕೆ ಹೋದರೆ ಮನೆಯವರು ಇಲ್ಲವೆಂದರಂತೆ. ಭಾನುವಾರವಿಡೀ ಗೇಟಿನ ಕಡೆಗೇ ಕಣ್ಣು. ಅದನ್ನು ನೋಡಲಾಗದೆ, ಒಂದು ಸುಳ್ಳು ಹೇಳಿದ್ದರೆ ಏನು ಹೋಗುತ್ತಿತ್ತು ಎಂದು ನಾನೇ ರೇಗಿದೆ.

"ಅಪ್ಪನ ಮುಖಾನೇ ನೋಡಿಲ್ಲ ಅವ್ನು. ಅವ್ನ ಕೈಗೆ ಸುಳ್ಳಪ್ಪನ್ನ ಹೆಂಗಮ್ಮ ಕೊಡ್ಲಿ?" ಎಂದರು.

ಕಳೆದ ವರ್ಷ ಮಾವನವರು ಹೃದಯಾಘಾತದಿಂದ ಹೋದರು. ತಿಥಿಯ ದಿನ ಊಟ ಮುಗಿದು ಎಲ್ಲರೂ ಹೊರಟ ಮೇಲೆ ಗೆಳೆಯರು ಬಂದರು. ಫೋಟೋದ ಮುಂದೆ ಕುಳಿತು, ನನ್ನ ಕಡೆ ತಿರುಗದೆಯೇ ಕೇಳಿದರು: "ಕೊನೇಗಾದ್ರೂ, ತಪ್ಪಾಗ್ ನೋಡ್ದೆ ಅಂತ ಏನಾದ್ರೂ ಅಂದಿದ್ನಾ ತಾಯಿ?"

ಹೂಂ ಅನ್ನುವುದು ನಾಲಿಗೆಯ ತುದಿಯಲ್ಲಿತ್ತು. ಆ ಮುದುಕರನ್ನು ನೋಡಿದರೆ ಹಾಗೆ ಅನ್ನಬೇಕೆಂದೇ ಅನಿಸುತ್ತಿತ್ತು.

"ಇಲ್ರಿ," ಎಂದೆ. "ನೀವು ಬರ್ತೀರಿ ಅಂತಷ್ಟ ಅಂತಿದ್ರು."

ಅವರು ತಲೆಯಾಡಿಸಿದರು. "ಅಂದಿದ್ರೆ ಅವ್ನೇ ಅಲ್ಲ, ಬಿಡು," ಎಂದವರೇ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅಲ್ಲಿಯವರೆಗೆ ಬಂದವರನ್ನು ನೋಡಿಕೊಳ್ಳುವುದರಲ್ಲೇ ಇದ್ದ ನಾನೂ ಅವರ ಪಕ್ಕದಲ್ಲಿ ಕುಸಿದು ಕುಳಿತು, ಮಾವ ಹೋದ ಮೇಲೆ ಮೊದಲ ಬಾರಿಗೆ ಅತ್ತುಬಿಟ್ಟೆ.