ಏಳು ಕಟ್ಟು ಸೊಪ್ಪು, ಎರಡು ಮೆಷಿನ್

ಕಳೆದ ಶನಿವಾರ ನಾನು ಮುನ್ನೂರು ಮೈಲಿ ಸೊಪ್ಪು ಸಾಗಿಸಿದೆ.

ಗಾಬರಿ ಬೇಡ. ದಂಟು ಮೂರು ಕಟ್ಟು, ಮೆಂತ್ಯ ಎರಡು, ಸಬ್ಬಸಿಗೆ ಒಂದು, ಪಾಲಕ್ ಒಂದು. ಒಟ್ಟು ಏಳು. ಒದ್ದೆ ಪೇಪರ್ ಟವಲ್‌ನಲ್ಲಿ ಸುತ್ತಿ, ಕೂಲರ್‌ನಲ್ಲಿ ಹಸುಗೂಸಿನ ಥರ ಮಲಗಿಸಿ, ಇಲಿನಾಯ್‌ನ ಲೊಂಬಾರ್ಡ್‌ನಲ್ಲಿರುವ ನನ್ನ ಅಪಾರ್ಟ್‌ಮೆಂಟ್‌ನಿಂದ ಡೆಟ್ರಾಯ್ಟ್ ಪಕ್ಕದ ವಾರೆನ್‌ಗೆ, ಅಕ್ಕನ ಮನೆಗೆ ಹೊರಟಿದ್ದೆ. ದಂಟಿನ ಸೊಪ್ಪು ಇಲ್ಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ವೆಸ್ಟ್‌ಮಂಟ್‌ನ ಅಂಗಡಿಯವನು ಶುಕ್ರವಾರ ಸಂಜೆ ತರಿಸುತ್ತಾನೆ. ಆರು ಗಂಟೆಯೊಳಗೆ ಹೋಗದಿದ್ದರೆ ಉಳಿದಿರುವುದು ಬರೀ ಬೇರು. (ಅಷ್ಟೊಂದು ಆಂಟಿಯರ ಮಧ್ಯೆ ನುಗ್ಗಿ ಮೂರು ಕಟ್ಟು ಎತ್ತಿಕೊಂಡು ಬಂದದ್ದು ಈ ವರ್ಷದ ನನ್ನ ಏಕೈಕ ಸಾಧನೆ.)

ಯಾಕಿಷ್ಟು ಸೊಪ್ಪು? ಭಾವ ಫೋನ್ ಮಾಡಿದ್ದರು, ಅದಕ್ಕೆ.

ಅಕ್ಕನಿಗೆ ಆರು ತಿಂಗಳಿಂದ ಕೀಮೋ ನಡೆಯುತ್ತಿದೆ. ಈ ಅಂಕಣ ಓದುವವರಿಗೆ ಅಕ್ಕ ಹೊಸಬಳೇನಲ್ಲ. ಮೈಸೂರಿನಲ್ಲಿ ನನಗೆ ಸೈಕಲ್ ಕಲಿಸಿದವಳು ಅವಳೇ. ನಾನು ಬಿದ್ದಾಗ ಓಡಿ ಬಂದು ಮೊದಲು ಸೈಕಲ್ ಎತ್ತಿ ನಿಲ್ಲಿಸಿದವಳೂ ಅವಳೇ. ಅಂಥ ಗಟ್ಟಿ ಹೆಂಗಸಿಗೆ ಈಗ ಊಟ ಅಂದರೆ ಭಯ. ಒಳಗೆ ಹೋದದ್ದು ಹೋದ ದಾರಿಯಲ್ಲೇ ವಾಪಸ್ ಬರುತ್ತೆ. ತೂಕ ಇಳಿದು ಇಳಿದು ತೊಂಬತ್ತೆಂಟು ಪೌಂಡಿಗೆ ಬಂದಿತ್ತು. ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ಬರುವ ಗುರುವಾರ ನೂರು ಪೌಂಡ್ ಇರಬೇಕು, ಇಲ್ಲದಿದ್ದರೆ ಮುಂದಿನ ಕೀಮೋ ಮುಂದೂಡುತ್ತೇವೆ. ಕೀಮೋ ಮುಂದೆ ಹೋದಷ್ಟೂ ಕಾಯಿಲೆಗೆ ಬಿಡುವು ಸಿಗುತ್ತೆ. ಎರಡೇ ಎರಡು ಪೌಂಡ್. ನಾವೆಲ್ಲ ಜಿಮ್‌ನಲ್ಲಿ ಇಳಿಸಬೇಕು ಅಂತ ಒದ್ದಾಡುತ್ತೀವಲ್ಲ, ಅಷ್ಟು.

"ಸುಮಾ, ಸೊಪ್ಪು ಶುರು ಮಾಡಿದೀವಿ," ಅಂದರು ಭಾವ ಫೋನಿನಲ್ಲಿ. "ಒಣಗಿದ್ದು. ಊಟ ಸೇರಬಹುದು ಅಂತ ಡಾಕ್ಟ್ರೇ ಹೇಳಿದ್ರು. ಮೆಷಿನ್ ಎರಡಿದೆ. ಹಳೇ ಮಾಡೆಲ್ ಒಂದು, ಹೊಸ ಮಾಡೆಲ್ ಒಂದು. ಯಾವುದು ವಾಸಿ ಅಂತ ನೀನೂ ಒಂದ್ಸಲ ಬಂದು ನೋಡು."

ಮಿಕ್ಸಿ ಬಗ್ಗೆ ಮೂರು ವಾರ ಬರೆದು ನಿಮ್ಮ ತಲೆ ತಿಂದವಳು ನಾನು. ಹಳೇ ಮಾಡೆಲ್, ಹೊಸ ಮಾಡೆಲ್ ಅಂದರೆ ಕಿವಿ ನೆಟ್ಟಗಾಗುತ್ತೆ. ಆದರೆ ಒಣಗಿದ ಸೊಪ್ಪಾ? ಪಾಪ, ಕೆಲಸ ಕಳೆದುಕೊಂಡ ಮನುಷ್ಯ, ಅದ್ಯಾವುದೋ ಮೆಷಿನ್‌ನಲ್ಲಿ ಕಸೂರಿ ಮೆಂತ್ಯ ಪುಡಿ ಮಾಡಿ ಅಕ್ಕನಿಗೆ ತಿನ್ನಿಸುತ್ತಿದ್ದಾರೆ ಅಂದುಕೊಂಡೆ. ತಾಜಾ ಸೊಪ್ಪು ತಂದು ಕೊಡಲು ನಾನೊಬ್ಬಳು ಸಾಯದೆ ಇದ್ದೀನಲ್ಲ. ಶನಿವಾರ ಬೆಳಿಗ್ಗೆ ಹೊರಟೇ ಬಿಟ್ಟೆ. (ಶುಕ್ರವಾರ ರಜೆ ಕೇಳಲಿಲ್ಲ. ಈ ರಿಸೆಶನ್‌ನಲ್ಲಿ ಒಂದು ದಿನ ರಜೆ ಕೇಳಿದರೆ ಇಡೀ ವರ್ಷದ್ದು ಕೊಟ್ಟು ಕಳಿಸುತ್ತಾರೆ.)

ವಾರೆನ್ ತಲುಪಿದಾಗ ಮಧ್ಯಾಹ್ನ. ಅಕ್ಕನ ಬೀದಿಯಲ್ಲಿ ಸಾಲ ಕಟ್ಟಲಾಗದ ಮೂರು ಮನೆಗಳ ಮುಂದೆ ಬ್ಯಾಂಕಿನ ಜಪ್ತಿ ಬೋರ್ಡು. ಭಾವ ಬಾಗಿಲು ತೆಗೆದರು. ಅವರು ಹತ್ತೊಂಬತ್ತು ವರ್ಷ ಕಾರಿನ ಸೀಟ್ ಹೀಟರ್ ಡಿಸೈನ್ ಮಾಡಿದ ಎಂಜಿನಿಯರ್. ಮಿಷಿಗನ್ ಚಳಿಯಲ್ಲಿ ಕಾರು ಹತ್ತಿದ ಕೂಡಲೇ ನಿಮ್ಮ ಕೂರುವ ಜಾಗ ಬೆಚ್ಚಗಾಗುತ್ತೆ, ಆದರೆ ಸುಡುವುದಿಲ್ಲ ಅಲ್ಲವಾ? ಆ 'ಸುಡುವುದಿಲ್ಲ' ಅನ್ನುವ ಭಾಗ ಇವರದು. ನಾಲ್ಕು ತಿಂಗಳ ಹಿಂದೆ ಲೇಆಫ್ ಆಯಿತು.

ಕೂಲರ್ ತೆಗೆದು ಕಿಚನ್ ಕೌಂಟರ್ ಮೇಲೆ ಏಳು ಕಟ್ಟನ್ನೂ ಸಾಲಾಗಿ ಇಟ್ಟೆ. ಭಾವ ನೋಡಿದರು.

"ಏನಿದು?"

"ಸೊಪ್ಪು ಭಾವ. ಒಣಗಿದ್ದು ಯಾಕೆ ಕೊಡ್ತೀರಿ, ತಾಜಾ ತಂದಿದೀನಿ."

ಸೋಫಾದಲ್ಲಿ ಕಂಬಳಿ ಹೊದ್ದು ಮಲಗಿದ್ದ ಅಕ್ಕನಿಂದ ಏನೋ ಸದ್ದು. ಅಳುತ್ತಿದ್ದಾಳೆ ಅಂತ ಹೆದರಿ ಓಡಿದೆ. ನಗುತ್ತಿದ್ದಳು. ಉಸಿರು ಸಿಗದ ಹಾಗೆ ನಗುತ್ತಿದ್ದಳು.

"ರೀ, ಇವಳಿಗೆ ಏನಂತ ಹೇಳಿದ್ರಿ ನೀವು?"

"ಸೊಪ್ಪು ಅಂದೆ. ಫೋನಲ್ಲಿ ಇನ್ನೇನು ಹೇಳ್ಲಿ?"

"ಅಯ್ಯೋ ಹುಚ್ಚಿ," ಅಂದಳು ಅಕ್ಕ ನನ್ನ ಕಡೆ ತಿರುಗಿ, "ಹಾಸ್ಟೆಲ್ ಹುಡುಗ್ರು ಹೊಡೀತಿದ್ರಲ್ಲ, ಆ ಸೊಪ್ಪು ಕಣೇ."

ಗಾಂಜಾ. ದಿನಾ ಸಂಧ್ಯಾವಂದನೆ ಮಾಡುವ ನಮ್ಮ ಭಾವನ ಬಾಯಲ್ಲಿ. ಬೆಂಗಳೂರಿನ ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಬೇರೆಯವರು ಆಡುತ್ತಿದ್ದ ಮಾತು ಇಷ್ಟು ವರ್ಷದ ಮೇಲೆ ಇವರ ಉಪಯೋಗಕ್ಕೆ ಬಂದಿದೆ. ನಾನೂ ಕೇಳಿರದ ಪದವೇನಲ್ಲ. ಆದರೆ ಭಾವ 'ಸೊಪ್ಪು' ಅಂದರೆ ಯಾರಿಗೆ ತಾನೆ ದಂಟು ಬಿಟ್ಟು ಬೇರೆ ನೆನಪಾಗುತ್ತೆ?

ಕಾನೂನಿನ ಪ್ರಕಾರವೇ ಮಾರಾಯರೇ. ಮಿಷಿಗನ್‌ನಲ್ಲಿ ಜನ ವೋಟು ಹಾಕಿ, ಇಂಥ ಕಾಯಿಲೆಯವರಿಗೆ ಡಾಕ್ಟರ ಸಹಿ ಇದ್ದರೆ ಕೊಡಬಹುದು ಅಂತ ಮಾಡಿಕೊಂಡಿದ್ದಾರೆ. ಅಕ್ಕನ ಹತ್ತಿರ ಕಾರ್ಡ್ ಇದೆ. ನಮ್ಮ ಇಲಿನಾಯ್‌ನಲ್ಲಿ ಇನ್ನೂ ಇಲ್ಲ. ಅಲ್ಲಿಗೆ, ಹೆದ್ದಾರಿಯಲ್ಲಿ ನಾನು ಸಾಗಿಸಿದ ಸೊಪ್ಪು ಎರಡೂ ರಾಜ್ಯದಲ್ಲಿ ಲೀಗಲ್ ಅನ್ನುವುದೊಂದೇ ಸಮಾಧಾನ.

ಮೆಷಿನ್‌ಗಳು ಡೈನಿಂಗ್ ಟೇಬಲ್ ಮೇಲೆ ಇದ್ದವು. ಇವನ್ನೂ ವೇಪರೈಸರ್ ಅಂತಾರೆ. ನಮ್ಮ ಮನೆಗಳಲ್ಲಿ ವೇಪರೈಸರ್ ಅಂದರೆ ನೆಗಡಿಗೆ ಮೂಗು ಇಡುವ ಬಿಸಿನೀರಿನ ಡಬ್ಬ. ಇದು ಒಣ ಸೊಪ್ಪಿನದು, ಕೈಯಲ್ಲಿ ಹಿಡಿಯುವಂಥದ್ದು. ಒಳಗೊಂದು ಪುಟ್ಟ ಒಲೆ. ಸೊಪ್ಪನ್ನು ಸುಡುವುದಿಲ್ಲ, ಬಿಸಿ ಮಾಡಿ ಆವಿ ಬರಿಸುತ್ತೆ. ಹೊಗೆ ಇಲ್ಲ, ಆದ್ದರಿಂದ ಎದೆಗೆ ಅಷ್ಟು ತೊಂದರೆ ಇಲ್ಲ ಅನ್ನುವುದು ಲೆಕ್ಕ.

ಹಳೇ ಮಾಡೆಲ್ ದಪ್ಪ ಸ್ಟೀಲಿನದು, ಟಾರ್ಚ್ ಥರ. ಮರದ ಹಿಡಿ, ಎದ್ದು ಕಾಣುವ ನಾಲ್ಕು ಸ್ಕ್ರೂ. ಒಂದೇ ದೀಪ. ಕೆಂಪು ಅಂದರೆ ಕಾಯುತ್ತಿದೆ, ಹಸಿರು ಅಂದರೆ ಆಯಿತು. ಹೊಸ ಮಾಡೆಲ್ ಪ್ಲಾಸ್ಟಿಕ್‌ನದು, ಟಿವಿ ರಿಮೋಟ್‌ನಷ್ಟು ಹಗುರ. ಸಣ್ಣ ಪರದೆಯ ಮೇಲೆ ಡಿಗ್ರಿ ತೋರಿಸುತ್ತೆ. ಬಿಸಿಯಾದ ಮೇಲೆ ಕೈಯಲ್ಲಿ ಗುರ್ ಅಂತ ನಡುಗುತ್ತೆ. ಸ್ಕ್ರೂ ಇಲ್ಲ, ಬಿಚ್ಚುವ ಹಾಗಿಲ್ಲ. ಬಂದು ವಾರವಾಗಿದ್ದರೂ ಡಬ್ಬದಿಂದ ಪೂರ್ತಿ ಆಚೆ ಬಂದಿರಲಿಲ್ಲ.

"ಇದನ್ನ ನೋಡು," ಅಂತ ಭಾವ ಹಳೆಯದನ್ನು ಎತ್ತಿ ಕೊಟ್ಟರು. "ಎಂಥ ಬಿಲ್ಡ್. ಕೆಟ್ರೆ ಬಿಚ್ಚಿ ರಿಪೇರಿ ಮಾಡಬಹುದು. ಅದು ಕೆಟ್ರೆ ಕಸಕ್ಕೆ. ಹೊಸದು ಬಂತು ಅಂದ ತಕ್ಷಣ ಹಳೇದನ್ನ ಎತ್ತಿ ಬಿಸಾಕೋದಾ?"

ಮಾತಿನಲ್ಲಿ ಸ್ವಲ್ಪ ಜಾಸ್ತಿಯೇ ಕಾವಿತ್ತು. ಅವರು ಯಾವ ಹಳೆಯದರ ಬಗ್ಗೆ ಹೇಳುತ್ತಿದ್ದಾರೆ ಅಂತ ಮೂವರಿಗೂ ಗೊತ್ತಿತ್ತು.

ಸಂಜೆ ನಾಲ್ಕಕ್ಕೆ ಅಕ್ಕನ ಸೊಪ್ಪಿನ ಸಮಯ. ಭಾವ ಹಳೆಯದನ್ನು ಹಚ್ಚಿದರು. ಕೆಂಪು ದೀಪ ಹಸಿರಾಯಿತು. ಅಕ್ಕ ಒಂದು ಸಲ ಎಳೆದಳು. ಕೆಮ್ಮಿದಳು. ಮತ್ತೊಂದು ಸಲ. ಕಣ್ಣಲ್ಲಿ ನೀರು. ಮೂರನೇ ಸಲಕ್ಕೆ ಕೈಯಾಡಿಸಿ ಬೇಡ ಅಂದಳು. ಅನ್ನ, ತಿಳಿಸಾರು ಕಲೆಸಿ ಕೊಟ್ಟರೆ ಎರಡು ತುತ್ತಿಗೆ ತಟ್ಟೆ ದೂರ ತಳ್ಳಿದಳು.

"ಮೂರು ವಾರದಿಂದ ಹೀಗೇ," ಅಂದರು ಭಾವ. "ಕೆಲವರಿಗೆ ಇದು ಹಿಡಿಸಲ್ವಂತೆ."

ಆದರೆ ನನ್ನ ಮೂಗಿಗೆ ಬೇರೆಯೇ ಸುದ್ದಿ ಬಂದಿತ್ತು. ಒಗ್ಗರಣೆ ಹಾಕುವವರಿಗೆ ಎರಡು ವಾಸನೆ ಗೊತ್ತು: ಘಮ ಮತ್ತು ಘಾಟು. ಎಣ್ಣೆ ಹದವಾಗಿದ್ದರೆ ಕರಿಬೇವು ಘಮ ಅನ್ನುತ್ತೆ. ಅರ್ಧ ನಿಮಿಷ ತಡವಾದರೆ ಘಾಟು ಎದ್ದು ಇಡೀ ಮನೆ ಕೆಮ್ಮುತ್ತೆ.

"ಭಾವ, ಇದು ಸೀದಿದೆ."

"ಸೀಯಲ್ಲ ಅದು. ಅದಕ್ಕೇ ತಾನೆ ಈ ಮೆಷಿನ್ ಇರೋದು? ನೀನು ನನಗೆ ಹೀಟ್ ಬಗ್ಗೆ ಹೇಳ್ಕೊಡ್ತೀಯಾ?"

"ಹೀಟ್ ನಂಗೊತ್ತಿಲ್ಲ. ಒಗ್ಗರಣೆ ಗೊತ್ತು. ಸೀದಿದೆ."

ಭಾವನ ಮುಖ ಸಣ್ಣದಾಯಿತು. ಎದ್ದು ಗರಾಜಿಗೆ ಹೋದರು. ಬೇಜಾರು ಮಾಡಿಬಿಟ್ಟೆನಾ ಅಂತ ನಾನು ಚಡಪಡಿಸುತ್ತಿದ್ದೆ. ಬಂದಾಗ ಕೈಯಲ್ಲಿ ಒಂದು ಮೀಟರ್, ಅದರ ತುದಿಗೆ ಬಿಸಿ ಅಳೆಯುವ ತೆಳ್ಳನೆ ತಂತಿ. ಖಾಲಿ ಒಲೆಯೊಳಗೆ ತಂತಿ ಇಳಿಸಿ ಹಳೆಯದನ್ನು ಹಚ್ಚಿದರು. ದೀಪ ಹಸಿರಾಯಿತು. ಮೀಟರ್ ಮಾತ್ರ ನಿಲ್ಲಲಿಲ್ಲ, ಏರುತ್ತಲೇ ಹೋಯಿತು. ಆರಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಹಚ್ಚಿದರು. ಹೀಗೆ ಮೂರು ಸಲ. ಒಂದು ಸಲ ನೋಡಿ ನಂಬುವ ಜಾಯಮಾನ ಅಲ್ಲ ಅವರದು. ಆಮೇಲೆ ಹೊಸದನ್ನು ಡಬ್ಬದಿಂದ ತೆಗೆದು ಅದಕ್ಕೂ ಹಾಗೇ ಮಾಡಿದರು. ಪರದೆಯಲ್ಲಿ ಎಷ್ಟು ಬಂತೋ ಮೀಟರ್ ಅಲ್ಲೇ ನಿಂತಿತು, ಮೂರು ಸಲವೂ.

ಭಾವ ಕುರ್ಚಿ ಎಳೆದುಕೊಂಡು ಕೂತರು.

"ಹತ್ತೊಂಬತ್ತು ವರ್ಷ ಊರೋರ ಸೀಟು ಸುಡದ ಹಾಗೆ ನೋಡ್ಕೊಂಡೆ," ಅಂದರು. "ಮನೇಲಿ ಇವಳಿಗೆ ಮೂರು ವಾರ ಸೀದಿದ್ದು ಕೊಟ್ಟಿದೀನಿ ಸುಮಾ."

ನಾನು ಆ ಮನೆಯಲ್ಲಿ ಭಾವನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಅಕ್ಕ ಸೋಫಾದಿಂದಲೇ ಕೇಳಿದಳು.

"ರೀ, ಮದುವೆಯಾದ ಹೊಸದರಲ್ಲಿ ನಾನೆಷ್ಟು ಸಲ ಪಲ್ಯ ಸೀಯಿಸಿದೀನಿ?"

"ಈಗ್ಯಾಕೆ ಅದು?"

"ಹೇಳಿ."

"ವಾರಕ್ಕೆ ಎರಡು ಸಲ. ನಾನು ಯಾವತ್ತಾದ್ರೂ ಬೈದಿದೀನಾ?"

"ಇಲ್ಲ. ಏನೂ ಅನ್ನದೆ ತಿಂದ್ರಿ. ಅದಕ್ಕೇ ನಾನೂ ಏನೂ ಅನ್ನದೆ ಎಳ್ಕೊಂಡೆ."

ಅಂದರೆ ಅವಳಿಗೆ ಗೊತ್ತಿತ್ತು. ಮೊದಲ ದಿನದಿಂದ ಗಂಟಲು ಉರಿಯುತ್ತಿತ್ತು. ಬೆಳಿಗ್ಗೆ ಎದ್ದರೆ ಹೋಗಲು ಆಫೀಸಿಲ್ಲದ ಗಂಡ ಇದೊಂದು ಕೆಲಸವನ್ನಾದರೂ ಅಷ್ಟು ಶ್ರದ್ಧೆಯಿಂದ ಮಾಡುತ್ತಿದ್ದಾನಲ್ಲ, ಹೇಗೆ ಹೇಳುವುದು ಅಂತ ಸುಮ್ಮನಿದ್ದಳು. ತಾನು ಎರಡು ಪೌಂಡಿಗೆ ಪರದಾಡುತ್ತಿರುವಾಗ.

ನಾನು ರೇಗಿದೆ. ಕೀಮೋ ಆಗುತ್ತಿರುವವರಿಗೆ ರೇಗಬಾರದು, ಗೊತ್ತು. ಆದರೂ ಚೆನ್ನಾಗಿ ರೇಗಿದೆ. ನಾವೆಲ್ಲ ಹೀಗೇ ಅಲ್ಲವಾ? ಅತ್ತೆಯ ಕಾಫಿ ನೀರಾಗಿದೆ ಅನ್ನಲ್ಲ, ಗಂಡ ತಂದ ಸೀರೆಯ ಬಣ್ಣ ಕೆಟ್ಟದಾಗಿದೆ ಅನ್ನಲ್ಲ. ನೊಂದುಕೊಳ್ಳುತ್ತಾರೆ ಅಂತ ನುಂಗುತ್ತೀವಿ, ಅದಕ್ಕೆ ಪ್ರೀತಿ ಅಂತ ಹೆಸರಿಡುತ್ತೀವಿ. ಕಾಫಿಗೆ ಸರಿ, ಸೀರೆಗೂ ಸರಿ. ಮದ್ದಿಗೂ ಅದೇನಾ?

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೊಸ ಮಾಡೆಲ್. ಗುರ್ ಅಂತ ನಡುಗಿತು. ಅಕ್ಕ ಎಳೆದಳು. ಕೆಮ್ಮಲಿಲ್ಲ. ಭಾವ ಪಕ್ಕದಲ್ಲಿ ಗಡಿಯಾರ ನೋಡುತ್ತಾ ಕೂತಿದ್ದರು. ಅಲ್ಲಿದ್ದು ಮಾಡುವುದೇನೂ ಇಲ್ಲದೆ ನಾನು ಅಡುಗೆಮನೆಗೆ ಬಂದು ದಂಟು ಬೇಯಿಸಿ ಬಸಿದು, ಬಸ್ಸಾರಿಗೆ ಇಟ್ಟೆ. ಬಾಣಲೆಗೆ ಬೆಳ್ಳುಳ್ಳಿ ಹಾಕಿ, ಕರಿಬೇವು ತರಲು ಫ್ರಿಜ್ ಕಡೆ ತಿರುಗಿದ್ದೆ.

"ಬೆಳ್ಳುಳ್ಳಿ ಸೀಯ್ತಿದೆ ಕಣೇ," ಹಾಲ್‌ನಿಂದ ಅಕ್ಕನ ದನಿ. "ಉರಿ ಸಣ್ಣ ಮಾಡು."

ಮಾಡಿದೆ. ಒಂದು ನಿಮಿಷ ಬಿಟ್ಟು ಮತ್ತೆ ಅವಳದೇ ದನಿ.

"ಅನ್ನ ಆಗಿದ್ಯಾ?"

ಒಂದು ಪುಟ್ಟ ಬಟ್ಟಲು ಅನ್ನ, ಬಸ್ಸಾರು, ಮೇಲೆ ಒಂದು ಚಮಚ ತುಪ್ಪ. ನಿಧಾನಕ್ಕೆ ತಿಂದಳು, ಅರ್ಧ ಗಂಟೆ ಹಿಡಿಯಿತು. ಖಾಲಿ ಬಟ್ಟಲು ಮುಂದೆ ಚಾಚಿ ಇನ್ನೊಂದು ಸ್ವಲ್ಪ ಅಂದಳು. ಭಾವ ಸಿಂಕಿನ ಕಡೆ ತಿರುಗಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದರು. ಬಡಿಸುವಾಗ ತುಪ್ಪ ಎರಡು ಚಮಚ ಹಾಕಿದೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಹನ್ನೆರಡಾಯಿತು, ಒಂದಾಯಿತು. ತಿಂದದ್ದು ಒಳಗೇ ಉಳಿಯಿತು.

ಸಂಜೆ ನಾನು ಹೊರಡುವಾಗ ಹಳೇ ಮೆಷಿನ್ ಟೇಬಲ್ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಕಸಕ್ಕೆ ಹಾಕಲಿಲ್ಲವಾ ಅಂದೆ. ಒಳಗಿನ ಸೆನ್ಸರ್ ದಾರಿ ತಪ್ಪಿದೆ ಅಷ್ಟೇ, ಸರಿ ಮಾಡ್ತೀನಿ ಅಂದರು ಭಾವ. ಸರಿಯಾಗುವವರೆಗೆ ಅಕ್ಕನ ಕೈಗೆ ಕೊಡಲ್ಲ ಅಂತ ಅವರೇ ಸೇರಿಸಿದರು.

ಗುರುವಾರ ಮಧ್ಯಾಹ್ನ ಆಫೀಸಿನಲ್ಲಿದ್ದೆ. ಮೀಟಿಂಗ್ ನಡುವೆ ಫೋನ್. ಎದ್ದು ಆಚೆ ಬಂದೆ. ಭಾವ ಮಾಡಿರುತ್ತಾರೆ ಅಂದುಕೊಂಡರೆ ಅಕ್ಕ.

"ನೂರು ಕಣೇ."

"ನಿಜವಾಗ್ಲೂ?"

"ಬೂಟು ಹಾಕ್ಕೊಂಡೇ ಹತ್ತಿದೆ, ನರ್ಸ್ ಬಿಡ್ಲಿಲ್ಲ, ಬಿಚ್ಚಿಸಿದ್ರು. ಆದ್ರೂ ನೂರು. ಕೀಮೋ ಕೊಡ್ತಾರಂತೆ."

ಆಫೀಸಿನ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತೆ. ಪಕ್ಕದಲ್ಲಿ ಹೋಗುತ್ತಿದ್ದವರು ನನ್ನ ಮುಖ ನೋಡಿ ಇವಳಿಗೂ ಲೇಆಫ್ ಆಯಿತು ಅಂದುಕೊಂಡಿರಬೇಕು.

"ಮತ್ತೆ ಕೇಳು," ಅಂದಳು ಅಕ್ಕ. "ಸೊಪ್ಪು ಮುಗೀತು. ಶನಿವಾರ ತಗೊಂಡು ಬಾ."

ನಾನು ಈ ಸಲ ಹುಷಾರಾಗಿದ್ದೆ. "ಯಾವ ಸೊಪ್ಪು?"

"ದಂಟು ಕಣೇ, ಪೆದ್ದಿ. ನೀನು ಮಾಡಿದ ಬಸ್ಸಾರಿಗೆ ಉಪ್ಪು ಕಮ್ಮಿಯಿತ್ತು. ಈ ಸಲ ಸರಿಯಾಗಿ ಮಾಡು."

ಆರು ತಿಂಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ ಮೊದಲ ಅಡುಗೆ. ಉಂಡದ್ದರಲ್ಲಿ ಬಾಯಿಬಿಟ್ಟು ಹೇಳಿದ ಮೊದಲ ತಪ್ಪೂ ಹೌದು. ನೀವೇ ಹೇಳಿ, ಏಳು ಕಟ್ಟು ಸಾಕಾ?